ಪ್ರತಿ ಸಾಲಿನ ಹಿಂದಿನ ಹೆಸರು

ಲಿನಕ್ಸ್ ಕರ್ನಲ್‌ನ ಹಳೆಯ ಕಡತವೊಂದನ್ನು ತೆರೆದು, ಇದರ ಒಂದೊಂದು ಸಾಲನ್ನೂ ಯಾರು, ಯಾವಾಗ ಬರೆದರು ಎಂದು ಗಿಟ್ ತಂತ್ರಾಂಶವನ್ನು ಕೇಳಿದರೆ, ಅದು ಪ್ರತಿ ಸಾಲಿನ ಎಡಕ್ಕೆ ಒಂದು ಗುರುತು, ಒಂದು ಹೆಸರು, ಒಂದು ದಿನಾಂಕವನ್ನು ಬರೆದು ತೋರಿಸುತ್ತದೆ. ‘ಬ್ಲೇಮ್’ ಎನ್ನುವ ಈ ಕಮಾಂಡನ್ನು ಪ್ರೋಗ್ರಾಮರುಗಳು ದಿನನಿತ್ಯ ಬಳಸುತ್ತಾರೆ. ಈಚಿನ ಸಾಲುಗಳಿಗೆ ಅದು ಕೊಡುವ ಉತ್ತರದಲ್ಲಿ ಜಗತ್ತಿನ ನಾನಾ ಮೂಲೆಗಳ ಹೆಸರುಗಳಿರುತ್ತವೆ. ಹಳೆಯ ಸಾಲುಗಳಿಗೆ ಬಂದರೆ ಎಲ್ಲಕ್ಕೂ ಒಂದೇ ಉತ್ತರ: ಲಿನಸ್ ಟೊರ್ವಾಲ್ಡ್ಸ್, 2005ರ ಏಪ್ರಿಲ್ 16. ಒಂದು, ಡಿ, ಎ, 177 ಎಂದು ಶುರುವಾಗುವ ಗುರುತು, ಅದರ ಹಿಂದೆ ಮೇಲ್ಮುಖ ಬಾಣದ ತುದಿಯಂಥ ಸಣ್ಣ ಚಿಹ್ನೆ. ಇಲ್ಲಿಂದ ಆಚೆಗೆ ತನ್ನ ಬಳಿ ದಾಖಲೆ ಇಲ್ಲ ಎಂದು ಗಿಟ್ ತಿಳಿಸುವ ರೀತಿ ಅದು. ಆ ಸಾಲುಗಳನ್ನೆಲ್ಲ ಟೊರ್ವಾಲ್ಡ್ಸ್ ಒಬ್ಬರೇ ಆ ಶನಿವಾರ ಕುಳಿತು ಬರೆದದ್ದಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿದು ಬರೆದದ್ದು. ಕೋಡು ಒಂದು ವರ್ಷನ್ ಕಂಟ್ರೋಲ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿದ ದಿನ ಅವರ ಹೆಸರುಗಳು ಹಿಂದೆ ಉಳಿದವು.

ಕೋಡಿನಲ್ಲಾಗುವ ಪ್ರತಿ ಬದಲಾವಣೆಯನ್ನೂ, ಅದು ಎರಡೇ ಅಕ್ಷರದ್ದಾಗಿರಲಿ, ವರ್ಷನ್ ಕಂಟ್ರೋಲ್ ‘ಕಮಿಟ್’ ಎಂಬ ನಮೂದಾಗಿ ಹಿಡಿದಿಡುತ್ತದೆ. ಏನು ಬದಲಾಯಿತು, ಯಾರು ಬದಲಿಸಿದರು, ಎಂದು, ಏಕೆ ಎಂಬ ನಾಲ್ಕೂ ಅದರಲ್ಲಿರುತ್ತವೆ. ಜಮೀನಿನ ಪಹಣಿ ನೋಡಿ ಬಲ್ಲವರಿಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಪಹಣಿ ಹೇಳುವುದು ಇವತ್ತಿನ ಮಾಲೀಕರ ಹೆಸರನ್ನು. ಪಕ್ಕದ ಕಲಂನಲ್ಲಿರುವ ಎಂ.ಆರ್. ನಂಬರ್ ಹಿಡಿದು ಮ್ಯುಟೇಶನ್ ರಿಜಿಸ್ಟರಿಗೆ ಹೋದರೆ ಆ ಹೆಸರು ಅಲ್ಲಿಗೆ ಬಂದದ್ದು ಕ್ರಯದಿಂದಲೋ, ವಿಭಾಗದಿಂದಲೋ, ಪೌತಿಯಿಂದಲೋ ಎಂದು ಗೊತ್ತಾಗುತ್ತದೆ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಹಿಂದಿನ ಕೈಬರಹದ ರಿಜಿಸ್ಟರುಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ಉಳಿದವು. ವ್ಯಾಜ್ಯ ಎದ್ದಾಗ ಜನ ಅರ್ಜಿ ಹಿಡಿದು ಹೋಗುವುದು ಅಲ್ಲಿಗೇ. ಕೋಡಿಗೆ ಅದರ ಕಮಿಟ್‌ಗಳ ಸರಣಿಯೇ ಮ್ಯುಟೇಶನ್ ರಿಜಿಸ್ಟರು. ಹಳೆಯ ವ್ಯವಸ್ಥೆ ಬಿಟ್ಟು ಹೊಸದಕ್ಕೆ ಹೋಗುವ ತಂಡಗಳು ತಾವು ಸಾಗಿಸುತ್ತಿರುವುದು ಕೋಡನ್ನು ಎಂದುಕೊಳ್ಳುತ್ತವೆ. ಕೋಡನ್ನು ಸಾಗಿಸಲು ಒಂದು ನಕಲು ಸಾಕು, ಅದು ಅರ್ಧ ದಿನದ ಕೆಲಸ. ಹೆಸರುಗಳನ್ನೂ ಕಾರಣಗಳನ್ನೂ ಕೆಡದಂತೆ ದಾಟಿಸುವುದೇ ನಿಜವಾದ ಕೆಲಸ, ಅದಕ್ಕೆ ಸರಿಯಾದ ಅವಕಾಶ ಒಂದೇ ಸಲ ಸಿಗುತ್ತದೆ ಎಂಬುದು ನನ್ನ ವಾದ.

ಲಿನಕ್ಸ್‌ನಲ್ಲಿ ನಡೆದದ್ದು ಅವಸರದ ಸ್ಥಳಾಂತರ. ಲಿನಕ್ಸ್ ಹುಟ್ಟುಹಾಕಿದ ಟೊರ್ವಾಲ್ಡ್ಸ್ ಮೊದಲ ಹತ್ತು ವರ್ಷ ಯಾವ ವರ್ಷನ್ ಕಂಟ್ರೋಲನ್ನೂ ಬಳಸಿರಲಿಲ್ಲ. ಇಮೇಲ್‌ನಲ್ಲಿ ಬಂದ ಪ್ಯಾಚುಗಳನ್ನು, ಅಂದರೆ ಬಿಡಿ ತಿದ್ದುಪಡಿಗಳನ್ನು, ಸೇರಿಸಿ ಆಗಾಗ ಹೊಸ ಆವೃತ್ತಿ ಹೊರಡಿಸುತ್ತಿದ್ದರು. 2002ರಲ್ಲಿ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶಕ್ಕೆ ಹೋದರು. ಅದು ಹಣ ಕೊಟ್ಟು ಕೊಳ್ಳಬೇಕಾದದ್ದು, ಮುಕ್ತ ತಂತ್ರಾಂಶದವರಿಗೆ ಕೆಲವು ಷರತ್ತುಗಳ ಮೇಲೆ ಪುಕ್ಕಟೆಯಾಗಿ ಸಿಗುತ್ತಿತ್ತು. ಪ್ರೋಗ್ರಾಮರ್ ಆಂಡ್ರ್ಯೂ ಟ್ರಿಡ್ಜೆಲ್ ಅವರು ಬಿಟ್‌ಕೀಪರ್ ಸರ್ವರಿನೊಡನೆ ಮಾತಾಡಬಲ್ಲ ಸ್ವತಂತ್ರ ಪ್ರೋಗ್ರಾಂ ಬರೆಯಲು ಹೊರಟದ್ದರಿಂದ ವಿವಾದವೆದ್ದು, 2005ರ ಏಪ್ರಿಲ್‌ನಲ್ಲಿ ಆ ಪುಕ್ಕಟೆ ಪರವಾನಗಿ ಕೊನೆಗೊಂಡಿತು. ಟೊರ್ವಾಲ್ಡ್ಸ್ ತಾವೇ ಗಿಟ್ ಬರೆಯಲು ಕೂತರು. ಏಪ್ರಿಲ್ 7ರಂದು ಗಿಟ್‌ನ ಮೊದಲ ಕಮಿಟ್, 16ರಂದು ಕರ್ನಲ್‌ನ ಮೊದಲ ಕಮಿಟ್. ಬಿಟ್‌ಕೀಪರ್‌ನ ಮೂರು ವರ್ಷದ ಚರಿತ್ರೆ ಕೈಯಲ್ಲಿದ್ದರೂ ಅದನ್ನು ತುಂಬಲಿಲ್ಲ. ತುಂಬಿದರೆ 3.2 ಗಿಗಾಬೈಟ್ ಆಗುತ್ತದೆ, ಎಳೆಯ ಗಿಟ್‌ಗೆ ಆ ಹೊರೆ ಬೇಡ, ಬೇಕಾದರೆ ಮುಂದೆ ಪ್ರತ್ಯೇಕವಾಗಿ ಮಾಡಿಕೊಳ್ಳೋಣ ಎಂಬ ಅರ್ಥದ ಮಾತನ್ನು ಆ ಕಮಿಟ್‌ನ ಸಂದೇಶದಲ್ಲೇ ಬರೆದಿಟ್ಟರು. ಆ ಹೊತ್ತಿನಲ್ಲಿ ಅದು ತಪ್ಪು ನಿರ್ಧಾರವೆಂದು ಹೇಳಲಾಗದು. ಸಾಧನವೇ ಹತ್ತು ದಿನದ ಕೂಸಾಗಿತ್ತು. ಮುಂದೆ ಕರ್ನಲ್ ಡೆವಲಪರ್ ಥಾಮಸ್ ಗ್ಲೈಕ್ಸ್‌ನರ್ ಬಿಟ್‌ಕೀಪರ್ ಚರಿತ್ರೆಯನ್ನು ಬೇರೆ ರೆಪೊಸಿಟರಿಯಾಗಿ (ಕೋಡೂ ಅದರ ಚರಿತ್ರೆಯೂ ಇರುವ ಭಂಡಾರ) ಗಿಟ್‌ಗೆ ತಂದರು, ಬೇಕಾದವರು ಎರಡನ್ನೂ ತಮ್ಮ ಕಂಪ್ಯೂಟರಿನಲ್ಲಿ ಹೊಲಿದುಕೊಳ್ಳಬಹುದು. ಆದರೆ ಮೂಲ ರೆಪೊಸಿಟರಿಯ ಬುಡಕ್ಕೆ ಅದನ್ನು ಸೇರಿಸಲು ಅಷ್ಟರಲ್ಲಿ ದಾರಿ ಮುಚ್ಚಿತ್ತು.

ಪರಿಣಾಮ ಇಂದಿಗೂ ಕಾಣುತ್ತದೆ. ಕರ್ನಲ್‌ನಲ್ಲಿ ದೋಷವೊಂದನ್ನು ತಿದ್ದಿದವರು, ಆ ದೋಷ ಯಾವ ಕಮಿಟ್‌ನಿಂದ ಒಳಬಂತು ಎಂದು ‘ಫಿಕ್ಸಸ್’ ಎಂಬ ಸಾಲಿನಲ್ಲಿ ಬರೆಯುವ ರೂಢಿ ಇದೆ. ದೋಷ 2005ಕ್ಕೂ ಹಿಂದಿನದಾದರೆ ಬರೆಯಲು ಇರುವುದು ಆ ಒಂದು, ಡಿ, ಎ, 177ರ ಗುರುತು ಮಾತ್ರ. ಯಾರೋ 1996ರಲ್ಲಿ ಮಾಡಿದ ತಪ್ಪು, ಇನ್ಯಾರೋ 2003ರಲ್ಲಿ ಮಾಡಿದ ತಪ್ಪು, ಎಲ್ಲವೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ದೋಷ ಎಂದು ಬಂತು ಎಂಬ ಉತ್ತರ ಸಿಕ್ಕಂತೆ ಕಾಣುತ್ತದೆ, ಸಿಕ್ಕಿರುವುದಿಲ್ಲ.

ಹಾಗಾದರೆ ಸರಿಯಾಗಿ ದಾಟಿಸುವುದೆಂದರೇನು? ಇಲ್ಲಿರುವ ತೊಡಕು ಹೊರಗಿನವರಿಗೆ ಸುಲಭಕ್ಕೆ ಕಾಣುವಂಥದ್ದಲ್ಲ. ಒಂದೊಂದು ವ್ಯವಸ್ಥೆಯೂ ‘ನಡೆದದ್ದು’ ಎಂದು ಏನನ್ನು ಬರೆದುಕೊಳ್ಳಬೇಕು ಎಂಬುದರಲ್ಲೇ ಭಿನ್ನ. 1990ರ ದಶಕದಲ್ಲಿ ಬಹುಪಾಲು ಮುಕ್ತ ತಂತ್ರಾಂಶಗಳಿದ್ದ ಸಿವಿಎಸ್, ಒಂದೊಂದು ಕಡತಕ್ಕೂ ಬೇರೆ ಬೇರೆ ಚರಿತ್ರೆ ಇಡುತ್ತಿತ್ತು. ಹತ್ತು ಕಡತಗಳಿಗೆ ಸೇರಿ ಒಂದು ಬದಲಾವಣೆ ಮಾಡಿದರೆ, ಆ ಹತ್ತೂ ಒಂದೇ ಕೆಲಸದ ಭಾಗ ಎಂಬ ಸಂಗತಿ ಅದರಲ್ಲಿ ದಾಖಲಾಗುತ್ತಲೇ ಇರಲಿಲ್ಲ. ಪರಿವರ್ತನೆಯ ತಂತ್ರಾಂಶ ಅದನ್ನು ಊಹಿಸಬೇಕು: ಒಬ್ಬರದೇ ಹೆಸರು, ಅದೇ ಸಂದೇಶ, ನಡುವೆ ಕೆಲವೇ ನಿಮಿಷಗಳ ಅಂತರ ಇದ್ದರೆ ಒಂದು ಕಮಿಟ್ ಎಂದು ಕಟ್ಟಬೇಕು. ಸರ್ವರಿನ ಗಡಿಯಾರ ಹಿಂದುಮುಂದಾಗಿದ್ದರೆ ಊಹೆಯೂ ದಾರಿ ತಪ್ಪುತ್ತದೆ. ಆಮೇಲೆ ಬಂದ ಸಬ್‌ವರ್ಷನ್ ಇಡೀ ಮರಕ್ಕೆ ಒಂದು, ಎರಡು, ಮೂರು ಎಂದು ಏರುವ ಸಂಖ್ಯೆ ಕೊಟ್ಟು ಇದನ್ನು ಪರಿಹರಿಸಿತು. ಆದರೆ ಅದರಲ್ಲಿ ಬ್ರ್ಯಾಂಚ್, ಟ್ಯಾಗ್ ಎಂಬ ಪ್ರತ್ಯೇಕ ವಸ್ತುಗಳಿಲ್ಲ, ಅವು ಬರೀ ಡೈರೆಕ್ಟರಿಯ ನಕಲುಗಳು. ಬಿಡುಗಡೆಯಾದ ಆವೃತ್ತಿ ಎಂದು ಮುದ್ರೆ ಹಾಕಿದ ಟ್ಯಾಗಿನೊಳಕ್ಕೆ ಮರುದಿನ ಯಾರಾದರೂ ಇನ್ನೊಂದು ತಿದ್ದುಪಡಿ ತುರುಕಬಹುದಿತ್ತು, ತುರುಕಿದವರೂ ಇದ್ದಾರೆ. ಗಿಟ್‌ನಲ್ಲಿ ಟ್ಯಾಗ್ ಎಂದರೆ ಒಂದು ಕಮಿಟ್‌ನತ್ತ ಬೊಟ್ಟು ಮಾಡುವ ಗುರುತು, ಅದರೊಳಗೆ ಏನನ್ನೂ ಸೇರಿಸಲಾಗದು. ಸಬ್‌ವರ್ಷನ್‌ನ ಅಂಥ ಟ್ಯಾಗು ಗಿಟ್‌ಗೆ ಬಂದಾಗ ಏನಾಗಬೇಕು ಎಂಬುದನ್ನು ಯಂತ್ರ ತೀರ್ಮಾನಿಸಲಾರದು, ಆ ಕೋಡು ಬಲ್ಲವರು ಕೂತು ನೋಡಬೇಕು.

ಹೆಸರಿನ ವಿಷಯ ಇನ್ನೂ ಸೂಕ್ಷ್ಮ. ಸಬ್‌ವರ್ಷನ್ ಬರೆದುಕೊಳ್ಳುವುದು ಒಂದು ಲಾಗಿನ್ ಹೆಸರನ್ನು ಮಾತ್ರ, ಅದೂ ಸರ್ವರಿಗೆ ಬರೆಯುವ ಅಧಿಕಾರ ಇದ್ದವರದು. ಆ ಅಧಿಕಾರ ಇಲ್ಲದ ಹೊರಗಿನವರು ಪ್ಯಾಚ್ ಕಳಿಸಿ, ಒಳಗಿನವರು ಅದನ್ನು ಸೇರಿಸಿದರೆ ದಾಖಲಾಗುವುದು ಒಳಗಿನವರ ಹೆಸರು. ಗಿಟ್ ಹಾಗಲ್ಲ, ಬರೆದವರು ಒಬ್ಬರು, ಸೇರಿಸಿದವರು ಒಬ್ಬರು ಎಂದು ಎರಡು ಕಲಂ ಇಟ್ಟಿದೆ, ಎರಡಕ್ಕೂ ಪೂರ್ತಿ ಹೆಸರು ಮತ್ತು ಇಮೇಲ್ ಬೇಕು. ಆದ್ದರಿಂದ ಪ್ರತಿ ಸ್ಥಳಾಂತರದಲ್ಲೂ ಒಂದು ಪಟ್ಟಿ ತಯಾರಾಗಬೇಕಾಗುತ್ತದೆ: ಎಡಕ್ಕೆ ಲಾಗಿನ್, ಸಮ ಚಿಹ್ನೆ, ಬಲಕ್ಕೆ ಹೆಸರು ಮತ್ತು ವಿಳಾಸ, ಸಾಲಿಗೊಬ್ಬರು. ಕೆಲಸ ಬಿಟ್ಟು ಹದಿನೈದು ವರ್ಷ ಆದವರ ಲಾಗಿನ್ ಯಾರದೆಂದು ಹುಡುಕುತ್ತ ಕೂತವರಿಗೆ ಈ ಪಟ್ಟಿಯ ಭಾರ ಗೊತ್ತು. ಅವಸರದ ತಂಡಗಳು ಬಲಬದಿಗೂ ಲಾಗಿನ್ನನ್ನೇ ಬರೆದು ಮುಗಿಸುತ್ತವೆ. ಅಲ್ಲಿಗೆ ಆ ವ್ಯಕ್ತಿ ನಾಲ್ಕು ಅಕ್ಷರದ ಗುರುತಾಗಿ ಶಾಶ್ವತವಾಗಿ ಉಳಿಯುತ್ತಾರೆ.

ಇದನ್ನೆಲ್ಲ ಶ್ರದ್ಧೆಯಿಂದ ಮಾಡಿದ ತಂಡದ ಉದಾಹರಣೆ ಬೇಕಿದ್ದರೆ ಜಿಸಿಸಿ ಕಂಪೈಲರಿನದು. 1987ರಿಂದ ಬಿಡುಗಡೆಯಾಗುತ್ತ ಬಂದ ಈ ಕಂಪೈಲರ್ ಸಿವಿಎಸ್‌ನಿಂದ 2005ರಲ್ಲಿ ಸಬ್‌ವರ್ಷನ್‌ಗೆ ಬಂತು, 2020ರ ಜನವರಿಯ ಎರಡನೇ ವಾರಾಂತ್ಯದಲ್ಲಿ ಗಿಟ್‌ಗೆ ಹೋಯಿತು. ಆ ಹೊತ್ತಿಗೆ ಸಬ್‌ವರ್ಷನ್ ಸಂಖ್ಯೆ 2,80,000 ದಾಟಿತ್ತು. ಎರಿಕ್ ರೇಮಂಡ್ ಬರೆದ ರೆಪೊಸರ್ಜನ್ ಎಂಬ ಸಾಧನದಿಂದ ಪರಿವರ್ತನೆ ನಡೆಯಿತು. ಮೊದಲು ಪೈಥಾನ್‌ನಲ್ಲಿದ್ದ ಆ ಸಾಧನ ಇಷ್ಟು ದೊಡ್ಡ ಚರಿತ್ರೆಯ ಭಾರ ತಾಳದೆ ಇಡಿಯಾಗಿ ಗೋ ಭಾಷೆಗೆ ಬದಲಾಗಬೇಕಾಯಿತು. ನನಗೆ ಇಲ್ಲಿ ಮುಖ್ಯವೆನಿಸುವುದು ಹೆಸರುಗಳನ್ನು ಅವರು ಉಳಿಸಿದ ಬಗೆ. ಜಿಸಿಸಿ ಸೇರಿದ ಗ್ನೂ ಯೋಜನೆಗಳಲ್ಲಿ ‘ಚೇಂಜ್‌ಲಾಗ್’ ಎಂಬ ಕಡತ ಇರುತ್ತದೆ. ಮೊದಲ ಸಾಲಿನಲ್ಲಿ ದಿನಾಂಕ, ಬರೆದವರ ಹೆಸರು, ಕೋನಾವರಣದೊಳಗೆ ಇಮೇಲ್. ಅದರ ಕೆಳಗೆ ನಕ್ಷತ್ರ ಚಿಹ್ನೆ, ಕಡತದ ಹೆಸರು, ಕಂಸದಲ್ಲಿ ಫಂಕ್ಷನ್ನಿನ ಹೆಸರು, ಬದಲಾವಣೆಯ ವಿವರ. ಇದು ಪ್ಯಾಚ್ ಜೊತೆಗೇ ಒಳಬರುತ್ತಿದ್ದ ಬರಹ. ಹಾಗಾಗಿ ಸಬ್‌ವರ್ಷನ್ ಮರೆತ ಹೊರಗಿನ ಕೊಡುಗೆದಾರರ ಹೆಸರು ಇಲ್ಲಿ ಉಳಿದಿತ್ತು. ಪರಿವರ್ತನೆಯಲ್ಲಿ ಅದನ್ನು ಓದಿ, ‘ಬರೆದವರು’ ಎಂಬ ಕಲಂಗೆ ತುಂಬಲಾಯಿತು. ಎರಡು-ಮೂರು ದಶಕದ ಹಿಂದೆ ಒಂದೇ ಒಂದು ಪ್ಯಾಚ್ ಕಳಿಸಿ ಸುಮ್ಮನಾದವರ ಹೆಸರೂ ಹೀಗೆ ಅವರವರ ಸಾಲಿನ ಪಕ್ಕಕ್ಕೆ ಬಂತು. ನೂರು ಹೊಸ ಸೌಲಭ್ಯಗಳಿಗಿಂತ ಇದು ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಅದೇ ತಂಡ ಹಳೆಯ ಸಂಖ್ಯೆಗಳನ್ನೂ ಕೈಬಿಡಲಿಲ್ಲ. ಸಬ್‌ವರ್ಷನ್‌ನಿಂದ ಬಂದ ಕಮಿಟ್‌ಗಳ ಸಂದೇಶದ ತುದಿಯಲ್ಲಿ ‘ಫ್ರಮ್-ಎಸ್‌ವಿಎನ್’ ಎಂದು ಬರೆದು, ಆರ್ ಅಕ್ಷರದ ಮುಂದೆ ಹಳೆಯ ಸಂಖ್ಯೆ ಕೊಟ್ಟಿದ್ದಾರೆ. ಏಕೆಂದರೆ ಹದಿನೈದು ವರ್ಷದ ದೋಷವರದಿಗಳು, ಇಮೇಲ್‌ಗಳು, ಕೋಡಿನೊಳಗಿನ ಟಿಪ್ಪಣಿಗಳು ಎಲ್ಲವೂ ಆ ಸಂಖ್ಯೆಯಲ್ಲೇ ಮಾತಾಡಿದ್ದವು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಗಿಟ್‌ನ ಗುರುತು ನಲವತ್ತು ಅಂಕಿ-ಅಕ್ಷರಗಳ ಹ್ಯಾಶ್. ಎರಡು ಹ್ಯಾಶ್‌ಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಕಣ್ಣಿಗೆ ತಿಳಿಯದು. ಸಬ್‌ವರ್ಷನ್‌ನ ಏರುಸಂಖ್ಯೆಗೆ ಒಗ್ಗಿದ ಜಿಸಿಸಿಯವರಿಗೆ ಇದು ಕೊರತೆಯಾಗಿ ಕಂಡಿತು. ಅವರು ಗಿಟ್‌ನ ಮೇಲೆಯೇ ಆವೃತ್ತಿಯ ಸಂಖ್ಯೆಯೂ ಎಣಿಕೆಯೂ ಸೇರಿದ ತಮ್ಮದೇ ಏರುಸಂಖ್ಯೆ ಕಟ್ಟಿಕೊಂಡರು. 2020ರ ಡಿಸೆಂಬರ್‌ನಲ್ಲಿ ಗಿಟ್‌ಗೆ ಬಂದ ಫ್ರೀಬಿಎಸ್‌ಡಿ ಕಾರ್ಯಾಚರಣ ವ್ಯವಸ್ಥೆ ಕೂಡ ಮುಖ್ಯ ಬ್ರ್ಯಾಂಚಿನ ಕಮಿಟ್‌ಗಳನ್ನು ಎಣಿಸಿ, ಆ ಎಣಿಕೆಯನ್ನು ತನ್ನ ಆವೃತ್ತಿಯ ಹೆಸರಿಗೆ ಸೇರಿಸಿಕೊಂಡಿತು. ಹೊಸ ಸಾಧನ ಎಲ್ಲದರಲ್ಲೂ ಮೇಲು ಎಂಬ ನಂಬಿಕೆಯಿಂದ ಹೊರಟರೆ ಹಳೆಯದರಲ್ಲಿದ್ದ ಇಂಥ ಗುಣಗಳು ಗಮನಕ್ಕೇ ಬರುವುದಿಲ್ಲ.

ಅವಕಾಶ ಒಂದೇ ಸಲ ಎಂದೆನಲ್ಲ, ಅದರ ಕಾರಣವೂ ಹ್ಯಾಶ್‌ನಲ್ಲೇ ಇದೆ. ಕಮಿಟ್‌ನ ಹ್ಯಾಶನ್ನು ಲೆಕ್ಕ ಹಾಕುವಾಗ ಅದರ ಕೋಡು, ಹೆಸರು, ದಿನಾಂಕ, ಸಂದೇಶ ಎಲ್ಲವೂ ಸೇರುತ್ತವೆ, ಜೊತೆಗೆ ಅದರ ಹಿಂದಿನ ಕಮಿಟ್‌ನ ಹ್ಯಾಶ್ ಕೂಡ. ಹೀಗಾಗಿ ಇಪ್ಪತ್ತು ವರ್ಷದ ಹಿಂದಿನ ಒಂದು ಹೆಸರಿನಲ್ಲಿ ಒಂದಕ್ಷರ ತಿದ್ದಿದರೂ ಅಲ್ಲಿಂದ ಇಂದಿನವರೆಗಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಆ ಗುರುತುಗಳನ್ನು ನಂಬಿದ ಪ್ರತಿಗಳು ಸಾವಿರಾರು ಕಂಪ್ಯೂಟರುಗಳಲ್ಲಿ ಹರಡಿರುತ್ತವೆ. ರೆಪೊಸಿಟರಿಯನ್ನು ಲೋಕಕ್ಕೆ ತೆರೆದ ಕ್ಷಣ ಅದರ ಚರಿತ್ರೆಗೆ ಮೊಹರು ಬೀಳುತ್ತದೆ. ‘ಮೇಲ್‌ಮ್ಯಾಪ್’ ಎಂಬ ಕಡತ ಇಟ್ಟು ಹೆಸರುಗಳನ್ನು ಆಮೇಲೂ ಸರಿಪಡಿಸಬಹುದಲ್ಲ ಎನ್ನುವವರಿದ್ದಾರೆ. ಅದು ಉಪಯುಕ್ತವೇ, ಆದರೆ ಅದು ತಿದ್ದುವುದು ತೋರಿಕೆಯನ್ನು. ಒಬ್ಬರ ಎರಡು ಇಮೇಲ್‌ಗಳನ್ನು ಅದು ಒಂದಾಗಿ ತೋರಿಸಬಲ್ಲದು, ಒಳಗಿನವರ ಹೆಸರಿನಲ್ಲಿ ಸೇರಿಹೋದ ಹೊರಗಿನವರ ಪ್ಯಾಚುಗಳನ್ನು ಬಿಡಿಸಿ ಕೊಡಲಾರದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು: ಹಳೆಯ ದಾಖಲೆಯನ್ನು ಹೀಗೆ ತಿದ್ದುವುದು ಚರಿತ್ರೆಯನ್ನೇ ತಿರುಚಿದಂತಲ್ಲವೇ? ಜಿಸಿಸಿ ಪರಿವರ್ತನೆಯಲ್ಲಿ ಅರ್ಥವಿಲ್ಲದ ಮೊದಲ ಸಾಲುಗಳಿದ್ದ ಸಂದೇಶಗಳಿಗೆ ದೋಷವರದಿಯ ಶೀರ್ಷಿಕೆ ತಂದು ಸೇರಿಸಿದ್ದೂ ಉಂಟು. ಇಂಥ ತಿದ್ದುಪಡಿಗೆ ಎಲ್ಲೆ ಇರಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಲ್ಲೆ ಎಲ್ಲಿ ಎಂಬುದೂ ಸ್ಪಷ್ಟವಿದೆ. ಕೋಡಿನಲ್ಲಿ ಒಂದು ಬೈಟ್ ಕೂಡ ಬದಲಾಗಬಾರದು. ಹಳೆಯ ವ್ಯವಸ್ಥೆಯಿಂದ ಪ್ರತಿ ಬಿಡುಗಡೆಯನ್ನೂ ಹೊರತೆಗೆದು, ಹೊಸದರಿಂದ ತೆಗೆದದ್ದರ ಜೊತೆ ಇಟ್ಟು ಯಂತ್ರದಿಂದ ಹೋಲಿಸಿ ನೋಡಬೇಕು. ಆಗ ಕಾಣುವ ವ್ಯತ್ಯಾಸಗಳಿಗೆ ಸಾಮಾನ್ಯವಾಗಿ ಕಾರಣ ಇರುತ್ತದೆ. ಡಾಲರ್ ಚಿಹ್ನೆಗಳ ನಡುವೆ ‘ಐಡಿ’ ಎಂದು ಬರೆದ ಕಡೆ ಸಿವಿಎಸ್ ತಾನಾಗಿ, ಸಬ್‌ವರ್ಷನ್ ಹಾಗೆ ಹೇಳಿಟ್ಟ ಕಡತಗಳಲ್ಲಿ, ಕಡತದ ಹೆಸರು, ಸಂಖ್ಯೆ, ದಿನಾಂಕ ತುಂಬುತ್ತಿದ್ದವು. ಗಿಟ್ ಹಾಗೆ ತುಂಬುವುದಿಲ್ಲ. ಕಾರಣ ಗೊತ್ತಾಗದ ಒಂದು ವ್ಯತ್ಯಾಸ ಉಳಿದರೂ ಸ್ಥಳಾಂತರ ನಿಲ್ಲಬೇಕು. ಹೆಸರು ತುಂಬುವಾಗ ಊಹೆ ಸಲ್ಲದು, ಅದೇ ಕಾಲದ ಲಿಖಿತ ಆಧಾರ ಬೇಕು. ಚೇಂಜ್‌ಲಾಗ್ ಅಂಥ ಆಧಾರ. ಮೂಲ ಸಂಖ್ಯೆ ಸಂದೇಶದಲ್ಲಿ ಉಳಿಯಬೇಕು, ಅನುಮಾನ ಬಂದವರು ಹಿಂದಕ್ಕೆ ಹೋಗಿ ಪರಿಶೀಲಿಸಲು ಹಳೆಯ ರೆಪೊಸಿಟರಿಯ ಪ್ರತಿಯೂ ಇರಬೇಕು. ಈ ಕಟ್ಟಿನೊಳಗೆ ನಡೆದದ್ದನ್ನು ತಿರುಚುವಿಕೆ ಎನ್ನಲಾಗದು. ಬೇರೆಯವರ ಕೆಲಸ ಒಳಗಿನವರ ಹೆಸರಿನಲ್ಲಿ ದಾಖಲಾಗಿತ್ತಲ್ಲ, ಸುಳ್ಳು ಇದ್ದದ್ದು ಅಲ್ಲಿ.

ಇಪ್ಪತ್ತು ವರ್ಷದ ಹಿಂದಿನದನ್ನು ಯಾರು ಓದುತ್ತಾರೆ ಎಂಬುದು ಎರಡನೆಯ ಆಕ್ಷೇಪ. ದಿನವೂ ಯಾರೂ ಓದುವುದಿಲ್ಲ, ನಿಜ. ಆದರೆ 2003ರ ಮಾರ್ಚ್‌ನಲ್ಲಿ ಎಸ್‌ಸಿಒ ಕಂಪನಿ, ಯುನಿಕ್ಸ್‌ನ ತನ್ನ ಹಕ್ಕಿನ ಕೋಡು ಲಿನಕ್ಸ್‌ಗೆ ಸೇರಿದೆ ಎಂದು ಐಬಿಎಂ ವಿರುದ್ಧ ನ್ಯಾಯಾಲಯಕ್ಕೆ ಹೋದಾಗ ಇಡೀ ಮುಕ್ತ ತಂತ್ರಾಂಶ ಜಗತ್ತು ಹಳೆಯ ಸಾಲುಗಳ ಮೂಲ ಹುಡುಕಬೇಕಾಯಿತು. ಇದು ಎಲ್ಲಿಂದ ಬಂತು, ಕೊಟ್ಟವರಿಗೆ ಕೊಡುವ ಹಕ್ಕಿತ್ತೇ ಎಂಬ ಪ್ರಶ್ನೆಗೆ ಆಧಾರ ಇಲ್ಲದೆ ಉತ್ತರವಿಲ್ಲ. ಮರುವರ್ಷವೇ ಕರ್ನಲ್‌ನಲ್ಲಿ, ಪ್ಯಾಚ್ ಕಳಿಸುವವರು ಅದನ್ನು ಕಳಿಸುವ ಹಕ್ಕು ತಮಗಿದೆ ಎಂದು ‘ಸೈನ್ಡ್-ಆಫ್-ಬೈ’ ಸಾಲಿನಲ್ಲಿ ಹೆಸರು ಹಾಕಿ ಘೋಷಿಸುವ ಪದ್ಧತಿ ಬಂತು. ಬೆಂಗಳೂರಿನ ಕಚೇರಿಗಳಿಂದ ಕರ್ನಲ್‌ಗೆ ಪ್ಯಾಚ್ ಕಳಿಸುವ ಎಂಜಿನಿಯರುಗಳೂ ಇವತ್ತು ಆ ಸಾಲು ಬರೆದೇ ಕಳಿಸುತ್ತಾರೆ. ಕೋರ್ಟಿನ ಮಾತು ಬಿಟ್ಟರೂ ಪರಿಸ್ಥಿತಿ ಬೇರೆಯಲ್ಲ. ವಿಚಿತ್ರವಾಗಿ ಕಾಣುವ ಸಾಲೊಂದನ್ನು ಅಳಿಸಬೇಕೆಂದು ಹೊರಟ ಹೊಸ ಎಂಜಿನಿಯರಿಗೆ, ಯಾವುದೋ ಹಳೆಯ ಯಂತ್ರ ಕೆಟ್ಟು ನಿಂತಿತ್ತೆಂದು ಅದನ್ನು ಬರೆಯಲಾಯಿತು ಎಂದು ತಿಳಿಸಲು ಆ ಹಳೆಯ ಸಂದೇಶ ಬಿಟ್ಟರೆ ಬೇರಾರೂ ಉಳಿದಿರುವುದಿಲ್ಲ.

ಹಾಗಿದ್ದರೆ ಹಳೆಯ ಸರ್ವರನ್ನು ಓದಲಷ್ಟೇ ತೆರೆದಿಟ್ಟರೆ ಸಾಲದೇ? ಮೊಜಿಲ್ಲಾ ಹೀಗೆ ಮಾಡಿ ನೋಡಿದೆ. 2007ರಲ್ಲಿ ಸಿವಿಎಸ್‌ನಿಂದ ಮರ್ಕ್ಯುರಿಯಲ್ ಎಂಬ ಇನ್ನೊಂದು ವರ್ಷನ್ ಕಂಟ್ರೋಲ್ ವ್ಯವಸ್ಥೆಗೆ ಬಂದಾಗ ಫೈರ್‌ಫಾಕ್ಸ್‌ನ ಹಿಂದಿನ ಚರಿತ್ರೆಯನ್ನು ತರಲಿಲ್ಲ. ಮಾರ್ಚ್ 22ರ ಮೊದಲ ಕಮಿಟ್‌ಗೆ ಬಂದು ದಾರಿ ನಿಲ್ಲುತ್ತಿತ್ತು, ಅದಕ್ಕೂ ಹಿಂದಿನದಕ್ಕೆ ಸಿವಿಎಸ್‌ನ ಬೇರೆ ಪುಟಗಳಿಗೆ ಹೋಗಬೇಕಿತ್ತು. ಕೊನೆಗೆ ಗಿಟ್ ಪ್ರತಿಬಿಂಬದಲ್ಲಿ ಸಿವಿಎಸ್ ಕಾಲವನ್ನೂ ಸೇರಿಸಿ ಹೊಲಿಯಬೇಕಾಯಿತು. ಅಲ್ಲಿ ಸಿವಿಎಸ್ ದಾಖಲೆ ಉಳಿದಿತ್ತು, ಅದೇ ಪುಣ್ಯ. ಎಲ್ಲೆಡೆ ಉಳಿಯುವುದಿಲ್ಲ. ರೆಪೊಸಿಟರಿಗಳಿಗೆ ಜಾಗ ಕೊಡುತ್ತಿದ್ದ ಗೂಗಲ್ ಕೋಡ್ ತಾಣ 2016ರ ಜನವರಿಯಲ್ಲಿ ಮುಚ್ಚಿತು. ಅಂಥದೇ ಇನ್ನೊಂದು ತಾಣ ಬಿಟ್‌ಬಕೆಟ್ 2020ರಲ್ಲಿ ಮರ್ಕ್ಯುರಿಯಲ್ ರೆಪೊಸಿಟರಿಗಳನ್ನು ಕೈಬಿಟ್ಟಿತು. ಅಲ್ಲಿನ ಸಾರ್ವಜನಿಕ ರೆಪೊಸಿಟರಿಗಳನ್ನು ಫ್ರಾನ್ಸ್‌ನ ಸಾಫ್ಟ್‌ವೇರ್ ಹೆರಿಟೇಜ್ ಸಂಸ್ಥೆ ಆಕ್ಟೋಬಸ್ ಕಂಪನಿಯ ಜೊತೆ ಸೇರಿ ಭಂಡಾರಕ್ಕೆ ಇಳಿಸಿಕೊಳ್ಳದಿದ್ದರೆ ಎಷ್ಟೋ ಕೋಡಿನ ಹಿನ್ನೆಲೆ ಅಂದೇ ಅಳಿಯುತ್ತಿತ್ತು. ಓದಲಷ್ಟೇ ಇಟ್ಟ ಸರ್ವರನ್ನು ನೋಡಿಕೊಳ್ಳುವವರು ಒಂದು ದಿನ ಕೆಲಸ ಬದಲಿಸುತ್ತಾರೆ, ಡಿಸ್ಕು ಕೆಡುತ್ತದೆ, ಬಜೆಟ್‌ನಲ್ಲಿ ಆ ಸಾಲು ಹೊಡೆದುಹಾಕಲಾಗುತ್ತದೆ.

ಕಾಲ ಮತ್ತು ಖರ್ಚಿನ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಜಿಸಿಸಿಯಲ್ಲಿ ಮಾತುಕತೆ ಶುರುವಾಗಿ ಕೆಲಸ ಮುಗಿಯಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು, ಪರ್ಯಾಯ ಸ್ಕ್ರಿಪ್ಟುಗಳು ಬಂದವು, ಯಾವುದು ಸರಿ ಎಂದು ಉದ್ದದ ವಾದ ನಡೆಯಿತು. ಐದಾರು ಜನರ ತಂಡಕ್ಕೆ ಅಷ್ಟು ಪುರುಸೊತ್ತಿಲ್ಲ. ಆದರೂ ಲಾಗಿನ್‌ಗಳ ಪಟ್ಟಿಯನ್ನು ಪೂರ್ತಿ ಮಾಡುವುದು, ಹಳೆಯ ಸಂಖ್ಯೆಯನ್ನು ಸಂದೇಶದಲ್ಲಿ ಉಳಿಸುವುದು, ಬಿಡುಗಡೆಗಳನ್ನು ಹೋಲಿಸಿ ನೋಡುವುದು ಸಣ್ಣ ತಂಡದ ಕೈಮೀರಿದ್ದಲ್ಲ. ಅಗ್ಗದ ಉಪಾಯಕ್ಕೆ ಪೈಥಾನ್ ಭಾಷೆಯ ಯೋಜನೆ ಉದಾಹರಣೆ. ಅದು ಸಿವಿಎಸ್, ಸಬ್‌ವರ್ಷನ್, 2011ರಲ್ಲಿ ಮರ್ಕ್ಯುರಿಯಲ್, 2017ರ ಫೆಬ್ರವರಿಯಲ್ಲಿ ಗಿಟ್ ಎಂದು ಮನೆ ಬದಲಿಸುತ್ತಲೇ ಬಂತು. 2022ರಲ್ಲಿ ದೋಷವರದಿಗಳೂ ಗಿಟ್‌ಹಬ್‌ಗೆ ಹೋದವು. ಕೋಡಿನ ಸಂದೇಶಗಳಲ್ಲಿ ಇರುವ ಸಂಖ್ಯೆ ಹಳೆಯ ವರದಿಯದೋ ಹೊಸದೋ ಎಂದು ಗೊಂದಲ ಆಗದಂತೆ ಅವರು ಮಾಡಿದ ಉಪಾಯ ಸರಳ: ಹಳೆಯದಕ್ಕೆ ಬಿಪಿಒ, ಹೊಸದಕ್ಕೆ ಜಿಎಚ್ ಎಂಬ ಎರಡು-ಮೂರು ಅಕ್ಷರದ ಪೂರ್ವಪ್ರತ್ಯಯ. ಅದಕ್ಕೆ ದುಬಾರಿ ಸಾಧನವೇನೂ ಬೇಕಾಗಲಿಲ್ಲ.

ಗಿಟ್‌ನೊಳಗೇ ಇನ್ನೊಂದು ಸ್ಥಳಾಂತರ ಕಾದಿದೆ. ಈಗಿನ ಹ್ಯಾಶ್‌ನ ಎಸ್‌ಎಚ್‌ಎ-1 ಲೆಕ್ಕವನ್ನು 2017ರಲ್ಲೇ ಸಂಶೋಧಕರು ಮುರಿದು ತೋರಿಸಿದ್ದಾರೆ. ಎಸ್‌ಎಚ್‌ಎ-256ಕ್ಕೆ ಹೋಗುವ ಸಿದ್ಧತೆ ನಡೆದಿದೆ. ಹೋದ ರೆಪೊಸಿಟರಿಯಲ್ಲಿ ಪ್ರತಿ ಕಮಿಟ್‌ಗೂ ಹೊಸ ಗುರುತು ಬರುತ್ತದೆ, ಹಳೆಯ ಸಂದೇಶಗಳೊಳಗಿನ ಹ್ಯಾಶ್‌ಗಳು ಸಬ್‌ವರ್ಷನ್ ಸಂಖ್ಯೆಗಳಂತೆಯೇ ಹಿಂದಿನ ವಿಳಾಸಗಳಾಗುತ್ತವೆ. ಕರ್ನಲ್‌ನವರು ‘ಫಿಕ್ಸಸ್’ ಸಾಲಿನಲ್ಲಿ ಹ್ಯಾಶ್ ಜೊತೆಗೆ ಆ ಕಮಿಟ್‌ನ ಶೀರ್ಷಿಕೆಯನ್ನೂ ಕಂಸದಲ್ಲಿ ಬರೆಯುತ್ತಾರೆ. ಗುರುತು ಬದಲಾದರೂ ಶೀರ್ಷಿಕೆ ಹಿಡಿದು ಹುಡುಕಬಹುದು. ಯಾವ ತಂಡವೂ ಇವತ್ತಿನಿಂದಲೇ ಪಾಲಿಸಬಹುದಾದ ರೂಢಿ ಇದು.

ಕನ್ನಡಿಗರಿಗೆ ನೇರವಾಗಿ ತಾಕುವ ಒಂದು ರೆಪೊಸಿಟರಿಯೂ ಇದೆ. ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆ ತನ್ನ ಕೋಡನ್ನೆಲ್ಲ ಗಿಟ್‌ಗೆ ಸಾಗಿಸಿದ ಮೇಲೂ ಅನುವಾದದ ಕಡತಗಳನ್ನು, ಕನ್ನಡದವೂ ಸೇರಿದಂತೆ, ಸಬ್‌ವರ್ಷನ್‌ನಲ್ಲೇ ಇಟ್ಟುಕೊಂಡು ಬಂದಿದೆ. ಮೆನು, ಬಟನ್ನು, ಎಚ್ಚರಿಕೆಯ ಸಂದೇಶಗಳ ಕನ್ನಡ ರೂಪ ಇರುವುದು ಅಲ್ಲಿ. ಸರ್ವರಿಗೆ ಬರೆಯುವ ಖಾತೆ ಇದ್ದವರು ಕೆಲವರೇ. ಉಳಿದ ಅನುವಾದಕರು ಕಡತ ಕಳಿಸುತ್ತಾರೆ, ಖಾತೆ ಇದ್ದವರು ಸೇರಿಸುತ್ತಾರೆ. ಅನುವಾದಕರ ಹೆಸರು ಉಳಿಯುವುದು ಕಡತದ ತಲೆಯಲ್ಲಿನ ‘ಲಾಸ್ಟ್-ಟ್ರಾನ್ಸ್‌ಲೇಟರ್’ ಎಂಬ ಸಾಲಿನಲ್ಲಿ, ಮುಂದಿನವರು ಕೈಹಾಕಿದಾಗ ಆ ಸಾಲು ಅವರದಾಗುತ್ತದೆ. ಸಬ್‌ವರ್ಷನ್‌ನ ಹಿಂದಿನ ಆವೃತ್ತಿಗಳನ್ನು ಒಂದೊಂದಾಗಿ ತೆರೆದರೆ ಆ ಸಾಲಿನಲ್ಲಿ ಸರದಿಯಂತೆ ಎಲ್ಲರ ಹೆಸರೂ ಸಿಗುತ್ತದೆ. ಜಿಸಿಸಿಗೆ ಚೇಂಜ್‌ಲಾಗ್ ಒದಗಿಸಿದ ಆಧಾರವನ್ನು ಇಲ್ಲಿ ಆ ಸಾಲು ಒದಗಿಸಬಲ್ಲದು. ಈ ಕಡತಗಳು ಎಂದಾದರೂ ಗಿಟ್‌ಗೆ ಹೋಗುವುದಾದರೆ ಆ ಹೆಸರುಗಳನ್ನು ಓದಿ ತೆಗೆಯುವ ಸ್ಕ್ರಿಪ್ಟನ್ನು ಅದಕ್ಕೂ ಮೊದಲೇ ಬರೆಯಬೇಕು. ಕನ್ನಡದ ಪಟ್ಟಿಯನ್ನು ಕನ್ನಡ ಬಲ್ಲವರೇ ಒಮ್ಮೆ ನೋಡಿ, ಒಂದೇ ಹೆಸರಿನ ಮೂರು ಬಗೆಯ ಸ್ಪೆಲಿಂಗ್‌ಗಳನ್ನು ಹೊಂದಿಸಿ ಕೊಡಬೇಕು. ಆ ಅನುವಾದಕರಲ್ಲಿ ಹಲವರು ಇಮೇಲ್‌ಗೆ ಉತ್ತರಿಸುವಷ್ಟು ಹತ್ತಿರ ಇರುವಾಗಲೇ ಈ ಕೆಲಸ ಶುರುವಾಗಲಿ.